ಗಾಳಿಕೊಡೆಯಲ್ಲಿ ಇಳಿದ ಅಣೆಕಟ್ಟುಗಾರ

1948ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ನಿರ್ಜನ ಪರ್ವತಗಳ ನಡುವೆ, ವಿಮಾನದಿಂದ ಮರದ ಪೆಟ್ಟಿಗೆಗಳು ಗಾಳಿಕೊಡೆಗಳಿಗೆ ತೂಗಿಕೊಂಡು ಇಳಿದುವು. ನೆಲ ಮುಟ್ಟಿದೊಡನೆ ಹಗ್ಗ ಸಡಿಲಗೊಂಡು ಪೆಟ್ಟಿಗೆ ತಾನಾಗಿಯೇ ತೆರೆದುಕೊಳ್ಳುವಂತೆ ಏರ್ಪಾಡಾಗಿತ್ತು. ಗಾಳಿಕೊಡೆಗಳು ಎರಡನೆಯ ಮಹಾಯುದ್ಧದಲ್ಲಿ ಮಿಕ್ಕವು. ಒಳಗಿದ್ದ ಪ್ರಯಾಣಿಕರು ಬೀವರುಗಳು.

ಊರುಗಳ ಬಳಿ ಮರ ಕಡಿದು, ಕಾಲುವೆ ಕಟ್ಟಿ ಜನರಿಗೆ ಉಪದ್ರವವಾಗಿದ್ದ ಇವನ್ನು ಕೊಲ್ಲುವ ಬದಲು ಬೆಟ್ಟಗಳಿಗೆ ಕಳುಹಿಸಲು ಅಲ್ಲಿನ ವನ್ಯಪ್ರಾಣಿ ಇಲಾಖೆ ನಿಶ್ಚಯಿಸಿತ್ತು. ಹೇಸರಗತ್ತೆಗಳ ಮೇಲೆ ಹೇರಿದರೆ ಬಿಸಿಲಿಗೆ ಬಳಲುತ್ತಿದ್ದುವು, ಕತ್ತೆಗಳೂ ಬೆದರುತ್ತಿದ್ದುವು. ಉಳಿದುದು ಆಕಾಶಮಾರ್ಗವೊಂದೇ.

ಇದು ನಮ್ಮ ಕಾವೇರಿ, ತುಂಗಭದ್ರೆಗಳ ನೀರುನಾಯಿಯ ದಾಯಾದಿಯೆಂದು ಓದುಗರು ಭಾವಿಸಬಾರದು. ನೀರುನಾಯಿ ಮೀನು ತಿನ್ನುವ ಮಾಂಸಾಹಾರಿ. ಬೀವರಾದರೋ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ಸಸ್ಯಾಹಾರಿ. ಇಪ್ಪತ್ತು ಕಿಲೋ ತೂಗುವ ಇಲಿಯೊಂದನ್ನು ಊಹಿಸಿಕೊಳ್ಳಿ! ಅದರ ಬಾಚಿಹಲ್ಲುಗಳು ಕಬ್ಬಿಣದ ಅಂಶದಿಂದ ಕಿತ್ತಳೆಯ ಬಣ್ಣ ತಳೆದಿರುತ್ತವೆ; ಸವೆದಂತೆಲ್ಲ ಬೆಳೆಯುತ್ತವೆ. ಮರಗಳನ್ನು ಉರುಳಿಸುವುದು ಈ ಉಳಿಗಳಿಂದಲೇ.

ನೆಲದ ಮೇಲೆ ಬೀವರ್ ಮಂದಗಾಮಿ. ತೋಳ, ಕರಡಿಗಳಿಗೆ ಸುಲಭದ ತುತ್ತು. ನೀರಿನಲ್ಲಿ ಅದಕ್ಕೆ ಆ ಭಯವಿಲ್ಲ. ಆದುದರಿಂದ ಹಳ್ಳಕ್ಕೆ ಕೊಂಬೆ, ಕೆಸರು, ಕಲ್ಲುಗಳ ಒಡ್ಡು ಹಾಕಿ ಮಡುವನ್ನು ನಿರ್ಮಿಸಿ, ಅಲ್ಲಿ ನೀರಿನೊಳಗೆ ಬಾಗಿಲಿರುವ ಮನೆಯನ್ನು ಕಟ್ಟಿಕೊಳ್ಳುತ್ತದೆ. ಹರಿಯುವ ನೀರಿನ ಸದ್ದೇ ಅದಕ್ಕೆ ಪ್ರೇರಣೆ. ಸ್ವೀಡನ್ನಿನ ವಿಜ್ಞಾನಿ ಲಾರ್ಸ್ ವಿಲ್ಸನ್ ಧ್ವನಿವರ್ಧಕದಲ್ಲಿ ಆ ಸದ್ದನ್ನು ಕೇಳಿಸಿದಾಗ, ನೀರು ಹರಿಯದಿದ್ದರೂ ಬೀವರುಗಳು ಅಲ್ಲಿಗೇ ಒಡ್ಡು ಹಾಕತೊಡಗಿದುವು.

ಸ್ವಂತ ಪ್ರಾಣಭಯದಿಂದ ಕಟ್ಟಿದ ಈ ಮಡು ಇತರ ಜೀವಿಗಳ ಪಾಲಿಗೆ ಅನ್ನಛತ್ರವಾಗುತ್ತದೆ. ಧಾವಿಸುತ್ತಿದ್ದ ನೀರು ನಿಂತು ನೆಲಕ್ಕೆ ಇಂಗುತ್ತದೆ. ಸುತ್ತಲ ಭೂಮಿ ಬೇಸಗೆಯಲ್ಲೂ ತೇವವಾಗಿರುತ್ತದೆ. ನೀರಿನಲ್ಲಿ ನಿಂತು ಒಣಗಿದ ಮರಗಳಲ್ಲಿ ಮರಕುಟಿಗಗಳು ಪೊಟರೆ ಕೊರೆಯುತ್ತವೆ. ಜೊಂಡಿನಲ್ಲಿ ಬಾತುಗಳು ಮರಿ ಮಾಡುತ್ತವೆ. ಪಶ್ಚಿಮ ಅಮೆರಿಕದ ಕಾಳ್ಗಿಚ್ಚುಗಳಲ್ಲಿ ಸುತ್ತಲ ಕಾಡು ಕರಿಕಾದರೂ ಬೀವರುಗಳ ಕಣಿವೆಗಳು ಬಹುಮಟ್ಟಿಗೆ ಹಸಿರಾಗಿಯೇ ಉಳಿದುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇಂಗ್ಲೆಂಡಿನಲ್ಲಿ ಬೀವರುಗಳು ಶತಮಾನಗಳ ಹಿಂದೆಯೇ ಬೇಟೆಗೆ ಬಲಿಯಾಗಿ ನಿರ್ಮೂಲವಾಗಿದ್ದುವು. 2011ರಲ್ಲಿ ಅಲ್ಲಿನ ಡೆವನ್ ಪ್ರಾಂತದಲ್ಲಿ, ಬೇಲಿ ಹಾಕಿದ ಒಂದು ಜಾಗದಲ್ಲಿ ಒಂದು ಜೋಡಿಯನ್ನು ಬಿಟ್ಟರು. ಸಪೂರವಾದ ತೊರೆಯೊಂದು ಕೆಲವೇ ವರ್ಷಗಳಲ್ಲಿ 13 ಮಡುಗಳ ಮಾಲೆಯಾಯಿತು. ಎಕ್ಸೆಟರ್ ವಿಶ್ವವಿದ್ಯಾನಿಲಯದವರು ಅಳೆದು ನೋಡಲಾಗಿ, ಬಿರುಮಳೆಯ ಪ್ರವಾಹದ ಭರ ತಗ್ಗಿತ್ತು. ಹೊಲಗಳಿಂದ ಕೊಚ್ಚಿಬಂದ ಮಣ್ಣು ಮಡುಗಳ ತಳದಲ್ಲಿ ನಿಂತಿತ್ತು. ಮೊದಲ ವರ್ಷ ಕಪ್ಪೆಮೊಟ್ಟೆಯ ಮುದ್ದೆಗಳು 10 ಇದ್ದುವು; 2016ರಲ್ಲಿ 580!

ಆದರೆ ಹೊಲಕ್ಕೆ ನೀರು ನುಗ್ಗಿ ಬೆಳೆ ಕೊಳೆತ ರೈತನಿಗೆ ಕಪ್ಪೆಗಳ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಅವನಿಗಾಗಿ ಒಡ್ಡಿನಲ್ಲಿ ಕೊಳವೆ ಹಾಯಿಸಿ ಮಡುವಿನ ಮಟ್ಟವನ್ನು ತಗ್ಗಿಸುವ ಉಪಾಯವಿದೆ. (ಸದ್ದಾಗದಂತೆ ಹಾಯಿಸಬೇಕು, ಇಲ್ಲವಾದರೆ ಯಜಮಾನರು ಕೊಳವೆಯನ್ನೇ ಮುಚ್ಚಿಬಿಡುವರು.) ತನ್ನದಲ್ಲದ ನಾಡಿನಲ್ಲಂತೂ ಬೀವರ್ ಮಾರಿಯೇ ಸರಿ. ತುಪ್ಪುಳಿನ ಆಸೆಯಿಂದ 1946ರಲ್ಲಿ ಅರ್ಜೆಂಟೀನದವರು ದಕ್ಷಿಣದ ತುದಿಯಲ್ಲಿರುವ ಟಿಯೆರಾ ಡೆಲ್ ಫ್ಯುಯೆಗೊ ದ್ವೀಪಕ್ಕೆ 20 ಬೀವರುಗಳನ್ನು ತಂದುಬಿಟ್ಟರು. ಅಲ್ಲಿ ತೋಳವಿಲ್ಲ, ಕರಡಿಯಿಲ್ಲ. ಉತ್ತರದ ವಿಲ್ಲೋ ಮರದಂತೆ ಬುಡದಿಂದ ಚಿಗುರುವ ಗುಣ ಅಲ್ಲಿನ ಬೀಚ್ ಮರಗಳಿಗಿಲ್ಲ. ಇಪ್ಪತ್ತು ಹತ್ತಾರು ಸಾವಿರವಾದುವು. ಹಳ್ಳಗಳ ಇಕ್ಕೆಲದ ಕಾಡು ಬೋಳಾಯಿತು.

ಐಡಾಹೊದಲ್ಲಿ ಇಳಿದವು ತಮ್ಮ ನಾಡಿಗೇ ಇಳಿದುವು. ಒಟ್ಟು 76ರಲ್ಲಿ ಸತ್ತುದು ಒಂದು ಮಾತ್ರ. ಮರುವರ್ಷ ನೋಡಿದರೆ ಒಡ್ಡುಗಳೆದ್ದಿದ್ದುವು, ಮನೆಗಳಾಗಿದ್ದುವು, ಆಹಾರದ ಸಂಗ್ರಹವೂ ಆಗಿತ್ತು. ಈ ಯೋಜನೆಯನ್ನು ರೂಪಿಸಿದ ಅಧಿಕಾರಿ ಎಲ್ಮೋ ಹೆಟರ್ ಮೊದಲು ಜೆರೊನಿಮೊ ಎಂಬ ಮುದಿ ಗಂಡು ಬೀವರನ್ನು ಮತ್ತೆ ಮತ್ತೆ ಕೆಳಗಿಳಿಸಿ ಪರೀಕ್ಷಿಸಿದ್ದರು. ಕೊನೆಕೊನೆಗೆ, ಜನ ಹತ್ತಿರ ಬಂದೊಡನೆ ಅದು ತಾನಾಗಿಯೇ ಪೆಟ್ಟಿಗೆಯೊಳಗೆ ತೆವಳಿ ಕುಳಿತುಬಿಡುತ್ತಿತ್ತಂತೆ. ಬೆಟ್ಟಕ್ಕೆ ಹೊರಟ ಮೊದಲ ವಿಮಾನದಲ್ಲಿ ಅದಕ್ಕೆ ಸ್ಥಳ ಕಾದಿರಿಸಲಾಗಿತ್ತು. ಜೊತೆಗೆ ಮೂರು ಪ್ರಾಯದ ಹೆಣ್ಣುಗಳು.