ಓಟಿಪಿ ಬಂತಾ ಅಜ್ಜಿ?

ಬನಶಂಕರಿ ಎರಡನೇ ಹಂತದಲ್ಲಿ ಒಬ್ಬರು ಅಜ್ಜಿ ಇದ್ದಾರೆ ಎಂದಿಟ್ಟುಕೊಳ್ಳಿ. ಬಿ.ಪಿ., ಶುಗರ್ ಎರಡೂ ಇದೆ. ತಿಂಗಳಿಗೊಮ್ಮೆ ಸರ್ಕಾರಿ ಕ್ಲಿನಿಕ್ಕಿನಿಂದ ಮಾತ್ರೆ ತರಬೇಕು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿ ಮಡಿಸಿ ಹರಿದ ಚೀಟಿಗಳು. ಒಂದು ಚೀಟಿ ಕಳೆದರೂ ಹೋದ ತಿಂಗಳು ನುಂಗಿದ್ದು ಯಾವ ಮಾತ್ರೆಯೋ, ದೇವರೇ ಬಲ್ಲ. ಅಲ್ಲಿಂದ ಜಯನಗರದ ಜನರಲ್ ಆಸ್ಪತ್ರೆಗೆ ಬರೆದುಕೊಟ್ಟರೆ ಮತ್ತೆ ಮೊದಲಿನಿಂದ ಅದೇ ಕಥೆ.

ಈ ಪಾಡು ತಪ್ಪಿಸಲೆಂದೇ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. ತಲೆಗೊಂದು 14 ಅಂಕಿಯ ‘ಆಭಾ’ ಸಂಖ್ಯೆ. ರೋಗಿ ಒಪ್ಪಿದರೆ, ಎರಡೂ ಕಡೆ ಕಂಪ್ಯೂಟರ್ ಜೋಡಣೆ ಆಗಿದ್ದರೆ, ಒಂದು ಕಡೆಯ ಚೀಟಿ, ರಿಪೋರ್ಟು ಇನ್ನೊಂದು ಕಡೆಯ ಡಾಕ್ಟರಿಗೂ ಕಾಣುತ್ತದೆ. ಮರುವರ್ಷ ಡಿಸೆಂಬರಿನಲ್ಲಿ ರಾಜ್ಯದಲ್ಲಿ ‘ನಮ್ಮ ಕ್ಲಿನಿಕ್’ ಶುರುವಾಯಿತು. ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಎಂದು ಯೋಜನೆ. ಕ್ಯೂಆರ್ ಚಿತ್ರಕ್ಕೆ ಫೋನ್ ಹಿಡಿದರೆ ಟೋಕನ್ ಸಿಗುವ ಪದ್ಧತಿಯೂ 2022ರಲ್ಲೇ ಬಂತು. ಗಲ್ಲಾ ಬಿಟ್ಟು ಬರುವ ಅಂಗಡಿಯವರಿಗೆ ಇದು ಅನುಕೂಲವೇ, ಸಂದೇಹವಿಲ್ಲ.

ಅಜ್ಜಿಯ ಗತಿ? ಆಧಾರ್ ಮೂಲಕ ಆಭಾ ಮಾಡಿಸಬೇಕೆಂದರೆ ಸಾಮಾನ್ಯವಾಗಿ ಓಟಿಪಿ ಬೇಕು. ಅದು ಹೋಗುವುದು ಮಗನ ಫೋನಿಗೆ. ಮಗರಾಯ ಆ ಹೊತ್ತಿಗೆ ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ, ಬಸ್ಸಿನ ಕಂಬಿ ಹಿಡಿದು ನೇತಾಡುತ್ತಿದ್ದಾನೆ.

“ಓಟಿಪಿ ಬಂತಾ ಅಜ್ಜಿ?”

“ಏನ್ ಬರ್ಬೇಕಮ್ಮಾ?”

ಹಿಂದೆ ಇಪ್ಪತ್ತು ಜನರ ಸಾಲು!

ನಗುವ ಮಾತಲ್ಲ ಇದು. 2021ರ ಏಪ್ರಿಲ್-ಮೇ ತಿಂಗಳ ಕೋವಿಡ್ ಅಲೆ ನೆನಪಿದೆಯಲ್ಲ? ಅಂದಿನ ಮಹಾನಗರ ಪಾಲಿಕೆ ಕೋಟಾದ ಹಾಸಿಗೆಗೆ ‘ಬಿಯು ನಂಬರ್’ ಬೇಕಿತ್ತು. ರೋಗಿಗೆ ಉಸಿರು ಸಿಕ್ಕಿಕೊಂಡಿದ್ದರೂ ಕಂಪ್ಯೂಟರಿನಿಂದ ನಂಬರು ಬಾರದೆ ಮನೆಯವರು ಫೋನ್ ಹಿಡಿದು ಒದ್ದಾಡಿದರು. ಅದೇ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರ ಲಸಿಕೆಗೂ ಮೊದಲು ಕೋವಿನ್‌ನಲ್ಲಿ ಬುಕ್ಕಿಂಗ್ ಆಗಬೇಕಿತ್ತು. ಬೆರಳು ಚುರುಕಿದ್ದವನಿಗೆ ಲಸಿಕೆ, ಇಲ್ಲದವನು ಕಾಯಬೇಕು.

ಈಗ ವಾರ್ಡಿನ ಕ್ಲಿನಿಕ್ಕಿನ ಲೆಕ್ಕಕ್ಕೆ ಬರೋಣ. ಅಲ್ಲಿಗೆ ನಿಗದಿಯಾದವರು ಒಬ್ಬ ಡಾಕ್ಟರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಡಿ ಗ್ರೂಪ್ ನೌಕರ. ಟೈಪ್ ಮಾಡುವವರು ಯಾರು ಸ್ವಾಮಿ? ಡಾಕ್ಟರೇ ಕೂತು ಕುಟ್ಟಿದರೆ ಕಣ್ಣೆಲ್ಲ ಪರದೆಯ ಮೇಲೆ, ನಾಡಿ ನೋಡುವುದು ಯಾವಾಗ? ಹಳೇ ರಿಜಿಸ್ಟರೂ ಬರೆಯಿರಿ, ಕಂಪ್ಯೂಟರಿಗೂ ಹಾಕಿ ಎಂದರಂತೂ ಎರಡು ಪಟ್ಟು ಕೆಲಸ. ಮೊದಲು ಬಿ.ಪಿ., ಶುಗರ್‌ನವರದ್ದಷ್ಟೇ ಹಾಕಿಕೊಂಡು, ಅದು ಕೈಗೆ ಹತ್ತಿದ ಮೇಲೆ ಮಿಕ್ಕವರನ್ನು ಸೇರಿಸಬಹುದು. ಬೆಳಗಿನ ನೂಕುನುಗ್ಗಲಿನಲ್ಲಿ ಆಭಾ ಮಾಡುವುದು ಬೇಡ, ಮಧ್ಯಾಹ್ನ ಮಾಡಲಿ. ಕರೆಂಟು ಹೋದ ದಿನಕ್ಕೆ ಕಾಗದದ ಟೋಕನ್ ಮೇಜಿನ ಮೇಲೇ ಇರಲಿ.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಆಭಾ ಕಡ್ಡಾಯವಲ್ಲ, ಇಷ್ಟವಿದ್ದವರಿಗೆ ಮಾತ್ರ. ಇದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಕ್ಲಿನಿಕ್ಕಿನ ಬಾಗಿಲಿಗೆ ತೂಗುಹಾಕಲು ಒಂದು ರಟ್ಟು ಸಾಕು. ಅಜ್ಜಿಗೆ ಮಾತ್ರೆಯ ಹೆಸರನ್ನು ಚೀಟಿಯಲ್ಲೂ ಬರೆದುಕೊಡಿ. ಮಗ ಮನೆಗೆ ಬಂದ ಮೇಲೆ ಓದಿ ಹೇಳುತ್ತಾನೆ.