ಸಾಲು ತಿದ್ದುವ ಆದೇಶಪಟ್ಟಿಗಳು

ಬೃಹತ್ ಮೇನ್‌ಫ್ರೇಮ್ ಗಣಕಗಳಲ್ಲಿ ಕಡತ ತಿದ್ದುವ ಕಾರ್ಯವು ಮೊದಲಿಗೆ ಪರದೆ ನೋಡಿ ನಡೆಸುವಂಥದ್ದಾಗಿರಲಿಲ್ಲ. ಐಬಿಎಂ ಸಂಸ್ಥೆಯು 1971ರಲ್ಲಿ ಹೊರತಂದ ಟಿಎಸ್‌ಒ ವ್ಯವಸ್ಥೆಯಲ್ಲಿ, ಟೈಪ್‌ರೈಟರಿನಂತಹ ಯಂತ್ರದ ಮುಂದೆ ಕುಳಿತವರಿಗೆ ಇಡೀ ಪುಟ ಕಾಣುತ್ತಿರಲಿಲ್ಲ. 10, 20, 30 ಎಂದು ಸಂಖ್ಯೆ ಪಡೆದ ಸಾಲುಗಳಲ್ಲಿ ಇಂತಹ ಸಾಲಿನ ಇಂತಹ ಪದವನ್ನು ಬದಲಿಸು ಎಂದು ಆದೇಶ ನೀಡಬೇಕಿತ್ತು. ಒಳಕೋಣೆಯ ಗುಮಾಸ್ತರಿಗೆ ಹೊರಗಿನಿಂದಲೇ ಕೂಗಿ ಹೇಳಿ ಖಾತೆಪುಸ್ತಕ ತಿದ್ದಿಸಿದಂತೆ!

ಈ ಅನನುಕೂಲವೇ ಮುಂದೆ ಅನುಕೂಲವಾಗಿ ಪರಿಣಮಿಸಿತು. ಪ್ರತಿಯೊಂದು ತಿದ್ದುಪಡಿಯೂ ಲಿಖಿತ ಆದೇಶವೇ ಆಗಿದ್ದುದರಿಂದ, ಅಂತಹ ಆದೇಶಗಳನ್ನು ಬೇರೊಂದು ಕಡತದಲ್ಲಿ ಬರೆದಿಟ್ಟು ಬೇಕೆಂದಾಗ ನಡೆಸಬಹುದಾಗಿತ್ತು. ಟಿಎಸ್‌ಒದಲ್ಲಿ ಇದಕ್ಕೆ ‘ಸಿ-ಲಿಸ್ಟ್’ ಎಂದು ಹೆಸರು. ಐಬಿಎಂನ ಮೈಕ್ ಕೌಲಿಶಾ ಅವರು 1979ರಲ್ಲಿ ರೂಪಿಸತೊಡಗಿದ ‘ರೆಕ್ಸ್’ ಭಾಷೆಯು ಷರತ್ತು, ಪುನರಾವರ್ತನೆಗಳನ್ನು ಸರಳವಾಗಿ ಬರೆಯಲು ಅನುವು ಮಾಡಿಕೊಟ್ಟಿತು.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ತಂತ್ರಾಂಶ ಉದ್ದಿಮೆಗೆ ಹೇರಳ ಕೆಲಸ ತಂದ ವೈ2ಕೆ ಸಮಸ್ಯೆಯನ್ನೇ ನೋಡಬಹುದು. ಎರಡಂಕಿಯ ಇಸವಿಯನ್ನು ನಾಲ್ಕಂಕಿಗೆ ವಿಸ್ತರಿಸಲು ಲೆಕ್ಕವಿಲ್ಲದಷ್ಟು ಸಾಲುಗಳನ್ನು ತಿದ್ದಬೇಕಿತ್ತು; ಅದು ಕೈಯಿಂದ ಮುಗಿಯುವ ಕೆಲಸವಲ್ಲ. ಆದರೆ 80 ಅಂಕಣಗಳ ಪಂಚ್ ಕಾರ್ಡಿನ ಪರಂಪರೆಯ ಕೋಬಾಲ್ ಭಾಷೆಯಲ್ಲಿ 72ನೆಯ ಅಂಕಣದಾಚೆ ಬರೆದುದನ್ನು ಗಣಕವು ಆದೇಶವೆಂದು ಪರಿಗಣಿಸುವುದಿಲ್ಲ. ‘ವೈವೈ’ ಎಂಬುದು ‘ವೈವೈವೈವೈ’ ಆದಾಗ ಸಾಲು ಎರಡಕ್ಷರ ಬೆಳೆಯುತ್ತದೆ. ಕೊನೆಯ ಪೂರ್ಣವಿರಾಮ 73ನೆಯ ಅಂಕಣಕ್ಕೆ ಜಾರಿದರೆ ಸಾಕು, ಅಲ್ಲಿಗೆ ಮುಗಿಯಬೇಕಿದ್ದ ಷರತ್ತು ಮುಗಿಯದೆ ಮುಂದಿನ ಆದೇಶವೂ ಅದರ ಹಿಡಿತಕ್ಕೆ ಸೇರುತ್ತದೆ. ಇಂತಹ ದೋಷಕ್ಕೆ ಎಚ್ಚರಿಕೆಯ ಸೂಚನೆ ಬಾರದೆಯೂ ಇರಬಹುದು. ಕೆಲವು ಗ್ರಾಹಕರ ಬಡ್ಡಿಯೋ ರಿಯಾಯಿತಿಯೋ ಮಾತ್ರ ತಪ್ಪುತ್ತದೆ.

ಅಂಗಡಿಯ ಸರಕುಪಟ್ಟಿಯೂ ಈ ಅಪಾಯಕ್ಕೆ ಹೊರತಲ್ಲ. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಜಿಎಸ್‌ಟಿ ದರದಲ್ಲಿದ್ದ ಬಹುತೇಕ ಸರಕುಗಳು ಶೇ. 5ಕ್ಕೆ ಇಳಿದವು. ಪಟ್ಟಿಯಲ್ಲಿರುವ 12 ಎಲ್ಲವನ್ನೂ 05 ಮಾಡು ಎಂದು ಒಂದೇ ಮಾತಿನಲ್ಲಿ ಆದೇಶಿಸಿದರೆ, ಒಣಗಿಸಿದ ತರಕಾರಿಯ ಎಚ್‌ಎಸ್‌ಎನ್ ಸಂಖ್ಯೆ 0712 ಕೂಡ 0705 ಆಗುತ್ತದೆ. ಅದು ತಾಜಾ ಲೆಟ್ಯೂಸ್ ಸೊಪ್ಪಿನ ಸಂಖ್ಯೆ! ನೋಡುವವರಿಗೆ ತಪ್ಪೆಂದು ಅನ್ನಿಸುವುದೂ ಇಲ್ಲ. ಐಬಿಎಂನ ಐಎಸ್‌ಪಿಎಫ್ ತಂತ್ರಾಂಶದಲ್ಲಾದರೆ ಇಂತಿಷ್ಟು ಅಂಕಣಗಳೊಳಗೆ ಮಾತ್ರ ಬದಲಿಸು ಎಂದು ಮಿತಿ ಹಾಕಬಹುದು. ದರವು 41 ಮತ್ತು 42ನೆಯ ಅಂಕಣಗಳಲ್ಲಿದ್ದರೆ ಆದೇಶವು ಅವನ್ನು ದಾಟುವುದಿಲ್ಲ. ಪಟ್ಟಿಯನ್ನು ಸಾಮಾನ್ಯ ಪಠ್ಯಕಡತವಾಗಿ ಇಟ್ಟುಕೊಂಡವರು ತಮ್ಮ ತಂತ್ರಾಂಶ ಪೂರೈಕೆದಾರರಿಂದ ಇಷ್ಟನ್ನಾದರೂ ಕೇಳಿ ಪಡೆಯುವುದು ಲೇಸು.

ನುರಿತವರು ಆದೇಶಪಟ್ಟಿಯನ್ನು ಮೊದಲು ಪ್ರತಿಯ ಮೇಲೆ ನಡೆಸುತ್ತಾರೆ. ಎಷ್ಟು ಸಾಲು ಬದಲಾಗಬೇಕೆಂದು ಮುಂಚೆಯೇ ಎಣಿಸಿಟ್ಟು, ಬಳಿಕ ‘ಸೂಪರ್‌ಸಿ’ಯಂತಹ ಸಾಧನದಿಂದ ಹಳೆಯ ಹಾಗೂ ಹೊಸ ಕಡತಗಳನ್ನು ಹೋಲಿಸುತ್ತಾರೆ. 72ನೆಯ ಅಂಕಣ ಮೀರಿದ ಸಾಲು ಕಂಡೊಡನೆ ನಿಲ್ಲುವಂತೆ ಪಟ್ಟಿಯಲ್ಲೇ ಬರೆದಿರುತ್ತಾರೆ. ಎಣಿಕೆ ತಾಳೆಯಾಗುವವರೆಗೆ ಮೂಲ ಕಡತವನ್ನು ಮುಟ್ಟುವುದಿಲ್ಲ.