ಅರಗಿನ ಅಂಕಿತ: ಪಾಲಿಮರುಗಳನ್ನು ಓದುವ ರಾಶಿ ರೋಹಿತಮಾಪನ

ಸಾಂಗ್ಲಿಯಿಂದ ತಾಸಗಾಂವಿನ ಕಡೆಗೆ ಸಾಗುವ ಹಾದಿಯಲ್ಲಿ, ಮಿರಜ ತಾಲ್ಲೂಕಿಗೆ ಸೇರಿದ ಕವಲಾಪುರವಿದೆ. ಈ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಯ ಬುಡಕ್ಕೆ ಹನಿಹನಿಯಾಗಿ ನೀರುಣಿಸುವ ಕಪ್ಪು ಕೊಳವೆ ಪಾಲಿಥೀನಿನದು. ಅಲ್ಲಿಂದ ಕೆಲವೇ ಮೈಲಿ ದೂರದ ಮಿರಜದಲ್ಲಿ ತಂಬೂರಿಯ ಮೈಗೆ ಹೊಳಪು ಕೊಡುತ್ತ ಬಂದದ್ದು ಅರಗು. ಮೊದಲನೆಯದನ್ನು ಕಾರ್ಖಾನೆ ತಯಾರಿಸಿತು. ಎರಡನೆಯದನ್ನು ಹುಳು ಸ್ರವಿಸಿತು. ರಸಾಯನಶಾಸ್ತ್ರದ ಕಣ್ಣಿಗೆ ಎರಡೂ ಒಂದೇ ಕುಲದವು: ಚಿಕ್ಕ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಸರಪಳಿಗಳು, ಅಂದರೆ ಪಾಲಿಮರುಗಳು. ಇಂಥ ವಸ್ತುಗಳ ಒಳರಚನೆಯನ್ನು ತೂಕದ ಮೂಲಕ ಓದುವ ವಿದ್ಯೆಯೇ ರಾಶಿ ರೋಹಿತಮಾಪನ, ಅಂದರೆ ಮಾಸ್ ಸ್ಪೆಕ್ಟ್ರೋಮೆಟ್ರಿ.

ಕನ್ನಡದ ವಿದ್ಯಾರ್ಥಿಗೆ ಅರಗು ಅಪರಿಚಿತ ವಸ್ತುವಲ್ಲ. ಪಾಂಡವರನ್ನು ಸುಡಲೆಂದು ಕಟ್ಟಿಸಿದ ಅರಗಿನ ಮನೆ ಭಾರತದ ಕಥೆಯನ್ನು ಬಲ್ಲವರಿಗೆಲ್ಲ ಗೊತ್ತು. ಚನ್ನಪಟ್ಟಣದ ಗೊಂಬೆಗಳ ಬಣ್ಣ ಮರಕ್ಕೆ ಅಂಟುವುದು ಅರಗಿನ ಬಲದಿಂದಲೇ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳ ರಸವನ್ನು ಹೀರುವ ಪುಟ್ಟ ಕೀಟವೊಂದು ತನ್ನ ಮೈಯನ್ನು ಮುಚ್ಚಿಕೊಳ್ಳಲು ಸ್ರವಿಸುವ ರಾಳವೇ ಅರಗು. ಹಳೆಯ ಮೈಸೂರು ಸೀಮೆಯಲ್ಲಿ ಜಾಲರಿ ಮರವೂ ಈ ಕೀಟಕ್ಕೆ ಆಶ್ರಯವಾಗಿತ್ತು.

ತೂಗುವ ಯಂತ್ರದ ಬಗೆ

ಅಣುವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಆದ್ದರಿಂದ ಈ ಯಂತ್ರ ಬೇರೊಂದು ಉಪಾಯವನ್ನು ಹಿಡಿಯುತ್ತದೆ. ಬರಿದಾದ ಗಾಡಿಯನ್ನೂ ಮೂಟೆ ಹೇರಿದ ಗಾಡಿಯನ್ನೂ ಒಂದೇ ಶಕ್ತಿಯಿಂದ ತಳ್ಳಿದರೆ ಬರಿಗಾಡಿ ಬೇಗ ಓಡುತ್ತದೆ, ಹೇರಿನ ಗಾಡಿ ಹಿಂದೆ ಬೀಳುತ್ತದೆ. ಎರಡೂ ಒಂದೇ ದೂರವನ್ನು ಕ್ರಮಿಸಲು ಹಿಡಿದ ಹೊತ್ತನ್ನು ಅಳೆದರೆ ಯಾವುದರ ಭಾರ ಎಷ್ಟೆಂದು ಲೆಕ್ಕ ಹಾಕಬಹುದು. ಯಂತ್ರದಲ್ಲಿ ಮೊದಲು ಅಣುವಿಗೆ ವಿದ್ಯುದಾವೇಶವನ್ನು ಕೊಟ್ಟು ಅಯಾನಾಗಿಸುತ್ತಾರೆ; ನಂತರ ವಿದ್ಯುತ್ ಕ್ಷೇತ್ರದಿಂದ ತಳ್ಳುತ್ತಾರೆ; ಕೊನೆಗೆ ಗಾಳಿಯನ್ನು ಹೊರತೆಗೆದ ನಳಿಕೆಯ ತುದಿಯಲ್ಲಿ ಅದು ಬಂದು ಮುಟ್ಟುವ ಕ್ಷಣವನ್ನು ದಾಖಲಿಸುತ್ತಾರೆ. ಆವೇಶ ಸಮವಾಗಿದ್ದು ಭಾರ ನಾಲ್ಕು ಪಟ್ಟಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಭಾರಕ್ಕೆ ತಕ್ಕಂತೆ ಸಾಲಾಗಿ ನಿಂತ ಗೆರೆಗಳ ಚಿತ್ರವೇ ರಾಶಿ ರೋಹಿತ.

ಈ ವಿದ್ಯೆಯ ಮೊದಲ ಹೆಜ್ಜೆಗಳು ಕೇಂಬ್ರಿಜ್‌ನವು. ಜೆ. ಜೆ. ಥಾಮ್ಸನ್ ಅವರು ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ಭಾರಗಳ ಪರಮಾಣುಗಳಿರುವುದರ ಸುಳಿವನ್ನು ಕಂಡರು. ಅವರ ಶಿಷ್ಯ ಎಫ್. ಡಬ್ಲ್ಯು. ಆಸ್ಟನ್ 1919ರಲ್ಲಿ ಉತ್ತಮವಾದ ಯಂತ್ರವನ್ನು ನಿರ್ಮಿಸಿ 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಬಹುಕಾಲ ಈ ಯಂತ್ರ ಚಿಕ್ಕ ಅಣುಗಳಿಗೇ ಮೀಸಲಾಗಿತ್ತು. ತೂಗಬೇಕಾದ ವಸ್ತು ಅನಿಲರೂಪಕ್ಕೆ ಬರಬೇಕು. ಉದ್ದನೆಯ ಸರಪಳಿಯನ್ನು ಕಾಯಿಸಿದರೆ ಅದು ಆವಿಯಾಗುವ ಮೊದಲೇ ಚೂರಾಗುತ್ತದೆ.

ಈ ತೊಡಕನ್ನು ಬಿಡಿಸಿದ್ದು 1980ರ ದಶಕ. ಅಮೆರಿಕದ ಜಾನ್ ಫೆನ್ ಅವರು ದ್ರಾವಣವನ್ನು ಆವೇಶಭರಿತ ತುಂತುರಾಗಿಸಿ ದೊಡ್ಡ ಅಣುಗಳನ್ನು ಅಖಂಡವಾಗಿ ಯಂತ್ರದೊಳಕ್ಕೆ ತಂದರು. ಜಪಾನಿನ ಕೊಯಿಚಿ ತನಾಕಾ ಅವರು ಲೇಸರ್ ಕಿರಣದ ಕ್ಷಣಿಕ ಪೆಟ್ಟಿನಿಂದ ಅದೇ ಫಲವನ್ನು ಪಡೆದರು. ಲೋಹದ ನುಣ್ಣನೆಯ ಪುಡಿಗೆ ಕೈತಪ್ಪಿ ಗ್ಲಿಸರಿನ್ ಬೆರೆಸಿದ ತನಾಕಾ, ಅದನ್ನು ಚೆಲ್ಲದೆ ಪರೀಕ್ಷಿಸಿ ನೋಡಿದ್ದೇ ಅವರ ಶೋಧಕ್ಕೆ ದಾರಿಯಾಯಿತು. ಇಬ್ಬರೂ 2002ರ ರಸಾಯನಶಾಸ್ತ್ರದ ನೊಬೆಲ್ ಗೌರವದಲ್ಲಿ ಪಾಲುಗೊಂಡರು. ಜರ್ಮನಿಯ ಹಿಲೆನ್‌ಕ್ಯಾಂಪ್ ಮತ್ತು ಕರಾಸ್ ಅವರು ಬೆಳೆಸಿದ ಮಾಲ್ಡಿ ಎಂಬ ವಿಧಾನ ಇಂದು ಪಾಲಿಮರ್ ಪರೀಕ್ಷೆಯ ಮುಖ್ಯ ಸಾಧನಗಳಲ್ಲೊಂದು. ಇದರಲ್ಲಿ ಮಾದರಿಯನ್ನು ಲೇಸರ್ ಬೆಳಕನ್ನು ಹೀರುವ ಮತ್ತೊಂದು ವಸ್ತುವಿನೊಡನೆ ಬೆರೆಸಿ ಒಣಗಿಸುತ್ತಾರೆ. ಪೆಟ್ಟಿನ ಬಿಸಿಯನ್ನು ಆ ವಸ್ತು ತಾನು ಉಂಡು, ಸರಪಳಿಗಳನ್ನು ಮುರಿಯದೆ ಮೇಲಕ್ಕೆ ಹಾರಿಸುತ್ತದೆ.

ಗಣವೂ ಅಂಕಿತವೂ

ಶುದ್ಧವಾದ ಸಕ್ಕರೆಯಲ್ಲಿ ಎಲ್ಲ ಅಣುಗಳೂ ಒಂದೇ ಭಾರದವು. ಪಾಲಿಮರಿನಲ್ಲಿ ಹಾಗಲ್ಲ, ಒಂದೇ ಪಾತ್ರೆಯಲ್ಲಿ ಗಿಡ್ಡ ಸರಪಳಿಗಳೂ ಉದ್ದ ಸರಪಳಿಗಳೂ ಬೆರೆತಿರುತ್ತವೆ. ಹೀಗಾಗಿ ಅದರ ರೋಹಿತದಲ್ಲಿ ಕಾಣುವುದು ಒಂದು ಗೆರೆಯಲ್ಲ, ಸಮದೂರದಲ್ಲಿ ನಿಂತ ಗೆರೆಗಳ ಸಾಲು.

ಔಷಧ ಮತ್ತು ಮುಲಾಮುಗಳಲ್ಲಿ ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ಇದಕ್ಕೆ ಸರಳವಾದ ನಿದರ್ಶನ. ಸೋಡಿಯಂ ಅಯಾನನ್ನು ಅಂಟಿಸಿಕೊಂಡ ಅದರ ಸರಪಳಿಗಳು 921, 965, 1009 ಎಂಬ ಭಾರಗಳಲ್ಲಿ ಕಾಣಿಸುತ್ತವೆ. ಪಕ್ಕಪಕ್ಕದ ಗೆರೆಗಳ ಅಂತರ 44. ಅದು ಸರಪಳಿಯ ಒಂದು ಕೊಂಡಿಯ ಭಾರ. 921ರಲ್ಲಿ ಇಪ್ಪತ್ತು ಕೊಂಡಿಗಳಿಗೆ 880 ಕಳೆದರೆ ಉಳಿಯುವುದು 41. ಅದರಲ್ಲಿ ಸೋಡಿಯಂನ ಪಾಲು 23. ಉಳಿದ 18, ಸರಪಳಿಯ ಒಂದು ತುದಿಯ ಜಲಜನಕ ಮತ್ತು ಇನ್ನೊಂದು ತುದಿಯ ಹೈಡ್ರಾಕ್ಸಿಲ್ ಸೇರಿ ಆದ ಮೊತ್ತ. ಇದೇ ಸಾಲು 935ರಲ್ಲಿ ಕಂಡರೆ, 14 ಹೆಚ್ಚಾದುದರಿಂದ, ಒಂದು ತುದಿಯಲ್ಲಿ ಮೀಥೈಲ್ ಗುಂಪು ಸೇರಿದೆಯೆಂದು ಊಹಿಸಬಹುದು.

ಛಂದಸ್ಸನ್ನು ಓದಿದವರಿಗೆ ಈ ಕ್ರಮ ಹೊಸತೆನಿಸದು. ಮರಳಿ ಮರಳಿ ಬರುವ ಗಣದಿಂದ ಪದ್ಯದ ಜಾತಿ ತಿಳಿಯುವಂತೆ, ಗೆರೆಗಳ ಸಮಾನ ಅಂತರದಿಂದ ಪಾಲಿಮರಿನ ಜಾತಿ ತಿಳಿಯುತ್ತದೆ. ವಚನದ ಕೊನೆಯ ಅಂಕಿತ ವಚನಕಾರನ ಗುರುತನ್ನು ಹೇಳುವಂತೆ, ಸರಪಳಿಯ ತುದಿಯ ಗುಂಪು ಅದನ್ನು ಯಾವ ವಿಧಾನದಿಂದ ಕಟ್ಟಲಾಯಿತೆಂಬುದನ್ನು ಹೇಳುತ್ತದೆ. ಸಾವಿರ ಕೊಂಡಿಗಳ ನಡುವೆ ತುದಿಯ ಗುಂಪು ತೀರ ಅಲ್ಪ. ಆದರೂ ವಸ್ತು ಬೇಗ ಹಳಸುವುದೋ ಬಾಳುವುದೋ ಎಂಬುದು ಅನೇಕ ವೇಳೆ ಅದನ್ನೇ ಅವಲಂಬಿಸಿರುತ್ತದೆ.

ಅರಗಿನ ಒಳಗು

ಅರಗಿನ ರಾಳ ಪಾಲಿಥೀನಿನಂತೆ ಒಂದೇ ಕೊಂಡಿಯ ಸರಪಳಿಯಲ್ಲ. ಅದು ಹಲವು ಆಮ್ಲಗಳು ಬೆಸೆದುಕೊಂಡ ಗಿಡ್ಡ ಸರಪಳಿಗಳ ಮಿಶ್ರಣ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸುಖ್ ದೇವ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಈ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ಅವುಗಳ ರಚನೆಯನ್ನು ಬಿಡಿಸಿದರು. ಅವುಗಳಲ್ಲಿ ಮುಖ್ಯವಾದವು ಎರಡು: 304 ಭಾರದ ಅಲ್ಯುರಿಟಿಕ್ ಆಮ್ಲ ಮತ್ತು 280 ಭಾರದ ಜಲಾರಿಕ್ ಆಮ್ಲ. ಎರಡು ಕೂಡುವಾಗ 18 ಭಾರದ ಒಂದು ನೀರಿನ ಅಣು ಹೊರಬೀಳುತ್ತದೆ. ಜೋಡಿಯ ಭಾರ 566. ಜಲಾರಿಕ್ ಆಮ್ಲ ಒಂದು ಆಮ್ಲಜನಕದ ಪರಮಾಣುವನ್ನು ಗಳಿಸಿ ಶೆಲ್ಲೋಲಿಕ್ ಆಮ್ಲವಾದರೆ ಅದೇ ಜೋಡಿ 582ರಲ್ಲಿ ಕಾಣುತ್ತದೆ. ಹದಿನಾರರ ಈ ಅಂತರವನ್ನು ಕಂಡ ರಸಾಯನಜ್ಞ ಅಲ್ಲಿ ಒಂದು ಆಮ್ಲಜನಕ ಹೆಚ್ಚಾಗಿದೆಯೆಂದು ಓದಿಕೊಳ್ಳುತ್ತಾನೆ.

ಹೊಸ ಅರಗು ಸ್ಪಿರಿಟ್ಟಿನಲ್ಲಿ ಸುಲಭವಾಗಿ ಕರಗುತ್ತದೆ. ಕಾಲ ಕಳೆದಂತೆ ಸರಪಳಿಗಳು ತಮ್ಮೊಳಗೆ ಮತ್ತಷ್ಟು ಬೆಸೆದುಕೊಂಡು ಬಲೆಯಂತಾಗುತ್ತವೆ. ಆಗ ಅದು ಸರಿಯಾಗಿ ಕರಗದು. ಕರಗದ್ದನ್ನು ಮಾಲ್ಡಿಯಲ್ಲಿ ಓದುವುದು ಕಷ್ಟ. ಆಗ ಎರಡು ದಾರಿಗಳುಂಟು. ಕ್ಷಾರದಿಂದ ಬೆಸುಗೆಯನ್ನು ಬಿಡಿಸಿ ಆಮ್ಲಗಳನ್ನು ಪಡೆಯುವುದು ಒಂದು. ಗಾಳಿಯಿಲ್ಲದೆಡೆ ತಟ್ಟನೆ ಕಾಯಿಸಿ, ಒಡೆದ ಚೂರುಗಳನ್ನು ಅನಿಲ ವರ್ಣರೇಖನದಿಂದ ಬೇರ್ಪಡಿಸಿ ತೂಗುವುದು ಇನ್ನೊಂದು. ಹರಿದ ಓಲೆಗರಿಯ ತುಣುಕುಗಳಿಂದ ಪಾಠವನ್ನು ಊಹಿಸುವ ಗ್ರಂಥಸಂಪಾದಕನ ಕೆಲಸಕ್ಕೆ ಇದು ಸಮೀಪವಾದುದು: ಚೂರುಗಳಲ್ಲಿ ಅಲ್ಯುರಿಟಿಕ್ ಆಮ್ಲದ ಗುರುತು ಸಿಕ್ಕರೆ ಅರಗಿನ ಇರವು ಖಚಿತವಾದಂತೆಯೇ.

ಮಿರಜದ ತಂಬೂರಿಯ ಮುಂದೆ

ಮಿರಜದಲ್ಲಿ ತಂತಿವಾದ್ಯಗಳ ತಯಾರಿಕೆ 19ನೇ ಶತಮಾನದ ನಡುಭಾಗದಲ್ಲಿ ಫರೀದಸಾಹೇಬರಿಂದ ಆರಂಭವಾಯಿತೆಂದು ಪ್ರತೀತಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಕೈಗಳು ವಾದ್ಯದತ್ತ ಹೊರಳಿದವು. ಪಂಢರಪುರ, ಮಂಗಳವೇಢೆಗಳ ಕಡೆಯಿಂದ ಬರುವ ದೊಡ್ಡ ಬುರುಡೆ, ಮರದ ದಂಡಿ ಮತ್ತು ಮುಂಬಲಗೆ, ಮೇಲೆ ತೆಳುವಾಗಿ ಪದರ ಪದರವಾಗಿ ಹಚ್ಚುವ ಅರಗಿನ ಮೆರುಗು, ಇವೆಲ್ಲ ಕೂಡಿ ತಂಬೂರಿಯಾಗುತ್ತದೆ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು, ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು, ಅವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರು, ಹೀಗೆ ಕನ್ನಡ ನೆಲದ ಸಂಗೀತಕ್ಕೂ ಮಿರಜಕ್ಕೂ ಬಿಡಿಸಲಾಗದ ನಂಟಿದೆ. ಇಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಆ ಮನ್ನಣೆಯೊಡನೆ ಒಂದು ಹೊಣೆಯೂ ಬಂತು. ಐವತ್ತು, ಅರವತ್ತು ವರ್ಷದ ತಂಬೂರಿಯೊಂದು ದುರಸ್ತಿಗೆ ಬಂದಿತೆನ್ನೋಣ. ಮೇಲಿನ ಮೆರುಗು ಅರಗಿನದಾದರೆ ಸ್ಪಿರಿಟ್ಟಿನ ಬಟ್ಟೆ ಸೋಕಿದೊಡನೆ ಅದು ಎದ್ದುಬಂದೀತು. ನಡುವೆ ಯಾರೋ ಕೃತಕ ವಾರ್ನಿಷ್ ಬಳಿದಿದ್ದರೆ ಸ್ಪಿರಿಟ್ ಅದನ್ನು ಅಲುಗಿಸದಿರಬಹುದು. ದಂತದಂತೆ ಕಾಣುವ ಅಲಂಕಾರದ ಪಟ್ಟಿಯ ಕಥೆಯೂ ಹೀಗೆಯೇ. ಅದು ಸೆಲ್ಯುಲಾಯ್ಡ್ ಆಗಿದ್ದರೆ ಹಳೆಯದಾದಂತೆ ಆಮ್ಲೀಯ ಅನಿಲವನ್ನು ಬಿಟ್ಟು ಹತ್ತಿರದ ಲೋಹವನ್ನೂ ಮರವನ್ನೂ ಕೆಡಿಸುತ್ತದೆ; ಅಕ್ರಿಲಿಕ್ ಆಗಿದ್ದರೆ ಆ ಭಯವಿಲ್ಲ. ಕಣ್ಣಿಗೆ ಒಂದೇ ಎನಿಸುವ ಇವುಗಳನ್ನು ಯಂತ್ರ ಸುಲಭವಾಗಿ ಬೇರ್ಪಡಿಸುತ್ತದೆ. ಸೆಲ್ಯುಲಾಯ್ಡನ್ನು ಮೆದುವಾಗಿಸಲು ಬೆರೆಸಿದ ಕರ್ಪೂರ 152ರ ಭಾರದಲ್ಲಿ ಮುಖ ತೋರಿಸುತ್ತದೆ; ಕಾಯಿಸಿದ ಅಕ್ರಿಲಿಕ್ ತನ್ನ ಮೂಲ ಘಟಕವಾಗಿ ಬಿಚ್ಚಿಕೊಂಡು 100ರಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಥ ಪರೀಕ್ಷೆ ಐತಿಹ್ಯಗಳನ್ನೂ ತಿದ್ದಬಲ್ಲದು. ಇಟಲಿಯ ಸ್ಟ್ರಾಡಿವಾರಿ ಪಿಟೀಲುಗಳ ನಾದದ ಗುಟ್ಟು ಯಾವುದೋ ರಹಸ್ಯ ಲೇಪದಲ್ಲಿದೆಯೆಂಬ ನಂಬಿಕೆ ಬಹುಕಾಲ ಇತ್ತು. ಫ್ರಾನ್ಸಿನ ಸಂಶೋಧಕರು ಐದು ವಾದ್ಯಗಳ ಸೂಕ್ಷ್ಮ ಮಾದರಿಗಳನ್ನು ಹಲವು ಉಪಕರಣಗಳಿಂದ ಪರೀಕ್ಷಿಸಿ 2009ರ ಕೊನೆಯಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆ ಲೇಪ ಆ ಕಾಲದ ಕುಶಲಕರ್ಮಿಗಳಿಗೆಲ್ಲ ಪರಿಚಿತವಾಗಿದ್ದ ಒಣಗುವ ಎಣ್ಣೆ, ಮರದ ರಾಳ ಮತ್ತು ಕೆಲವು ಬಣ್ಣಗಳಿಂದ ಆದದ್ದು.

ಯಂತ್ರಕ್ಕೂ ಮಿತಿಗಳಿವೆ. ಗಿಡ್ಡ ಸರಪಳಿಗಳು ಸುಲಭವಾಗಿ ಹಾರಿ ಬರುವುದರಿಂದ, ಮಿಶ್ರಣದಲ್ಲಿ ಉದ್ದ ಸರಪಳಿಗಳು ಎಷ್ಟಿವೆಯೋ ಅಷ್ಟು ಕಾಣಿಸುವುದಿಲ್ಲ. ತೂಗಿದ ಮಾದರಿ ಮರಳಿ ಬಾರದು. ಆದ್ದರಿಂದ ಕಣ್ಣಿಗೆ ಕಂಡೂ ಕಾಣದಷ್ಟು ಚೂರನ್ನು ಮಾತ್ರ, ವಾದ್ಯದ ಮರೆಯಾದ ಮೂಲೆಯಿಂದ ತೆಗೆಯುವುದು ನಿಯಮ. ಮೆರುಗು ಯಾವುದರಿಂದಾಯಿತೆಂದು ಯಂತ್ರ ಹೇಳೀತು. ಎಷ್ಟು ತೆಳುವಾಗಿ, ಎಷ್ಟು ಸಲ, ಯಾವ ಹದದಲ್ಲಿ ಉಜ್ಜಬೇಕೆಂಬುದು ಇಂದಿಗೂ ಕುಶಲಕರ್ಮಿಯ ಬೆರಳಿನಲ್ಲೇ ಇದೆ.

ಕನ್ನಡದಲ್ಲಿ ಅರಗು ಎಂದರೆ ರಾಳ. ಅರಗು ಎಂದರೆ ಜೀರ್ಣವಾಗು ಎಂದೂ ಹೌದು. ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ ಈ ಸಾಂಗ್ಲಿ-ಮಿರಜಗಳ ನೆಲದಲ್ಲಿ ಆ ಎರಡು ಅರ್ಥಗಳೂ ಒಟ್ಟಿಗೆ ನೆನಪಾಗುವುದು ಸಹಜ. ಹಳೆಯ ತಂಬೂರಿಯ ಮೆರುಗು ಅರಗಿಹೋಗುವ ಮುನ್ನ ಅದು ಯಾವುದರಿಂದ ಆದದ್ದೆಂದು ಅರಿತವನು ಮಾತ್ರ ಅದನ್ನು ಕೆಡಿಸದೆ ಉಳಿಸಬಲ್ಲ.